ಬೆನ್ನುಹುರಿಗೂ ಬರುತ್ತೆ ಸ್ಟ್ರೋಕ್

ಲಕ್ವ ಹೊಡೆಯಿತು ಅಂದರೆ ನಮ್ಮೂರಿನಲ್ಲಿ ಎಲ್ಲರ ಯೋಚನೆ ಹೋಗುವುದು ಮಿದುಳಿನ ಕಡೆಗೆ. ಬೆನ್ನುಹುರಿಯ ರಕ್ತನಾಳವೂ ಕಟ್ಟಿಕೊಳ್ಳಬಹುದು ಎಂದು ನನಗೆ ತಿಳಿದದ್ದು ಮೆಡಿಕಲ್ ಇಮೇಜಿಂಗ್ ಓದಲು ಸೇರಿದ ಮೇಲೆ. ಒಟ್ಟು ಸ್ಟ್ರೋಕ್‌ಗಳಲ್ಲಿ ಇದರ ಪಾಲು ಸುಮಾರು ಶೇ 1. ಅಪರೂಪವಾದ್ದರಿಂದಲೇ ಕಣ್ತಪ್ಪುವುದೂ ಹೆಚ್ಚು.

ಇಂಟರ್ನ್‌ಶಿಪ್ ವೇಳೆ ಐವತ್ತು ದಾಟಿದ ರೈತರೊಬ್ಬರನ್ನು ಸ್ಟ್ರೆಚರ್ ಮೇಲೆ ಕರೆತಂದರು. ಬೆಳಿಗ್ಗೆ ಬೆನ್ನಲ್ಲಿ ಚಳಕು. ಕೆಲವೇ ಗಂಟೆಗಳಲ್ಲಿ ಎರಡೂ ಕಾಲು ಸೋತು, ಮೂತ್ರ ಕಟ್ಟಿತ್ತು. ಮಗನ ಕೈಯಲ್ಲಿ ಬೇರೆ ಕಡೆ ತೆಗೆಸಿದ ಎಂಆರ್‌ಐ ಫಿಲ್ಮ್. ‘ನಾರ್ಮಲ್ ಅಂತ ಬರೆದಿದ್ದಾರೆ ಸಾರ್, ಮತ್ತೆ ಅಪ್ಪನ ಕಾಲು ಯಾಕೆ ಏಳ್ತಿಲ್ಲ?’

ಫಿಲ್ಮ್ ತಪ್ಪಾಗಿರಲಿಲ್ಲ. ಡಿಸ್ಕ್, ಗಡ್ಡೆ, ಕೀವು ಯಾವುದೂ ಹುರಿಯನ್ನು ಒತ್ತುತ್ತಿಲ್ಲ ಎಂದು ಅದು ತೋರಿಸಿತ್ತು. ಆದರೆ ಮೊದಲ ಗಂಟೆಗಳಲ್ಲಿ ‘ಟಿ2’ ಚಿತ್ರದಲ್ಲಿ ಸ್ಟ್ರೋಕ್ ಕಾಣದೇ ಇರಬಹುದು. ಅಮೆರಿಕದ ಮೇಯೊ ಕ್ಲಿನಿಕ್ 133 ರೋಗಿಗಳ ಬಗ್ಗೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸುಮಾರು ಕಾಲು ಭಾಗದವರ ಮೊದಲ ಎಂಆರ್‌ಐ ಸಹಜವಾಗಿಯೇ ಇತ್ತು.

ನ್ಯೂರಾಲಜಿ ವೈದ್ಯರು ಕಾಲಿಗೆ ಸೂಜಿ ತಾಗಿಸಿದರೆ ಅವರಿಗೆ ನೋವಿಲ್ಲ. ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿದರೆ ಮಾತ್ರ ಸರಿಯಾಗಿ ಹೇಳುತ್ತಿದ್ದರು. ಹುರಿಯ ಮುಂದಿನ ಮೂರನೇ ಎರಡು ಭಾಗಕ್ಕೆ ರಕ್ತ ಕೊಡುವುದು ಒಂದೇ ಅಪಧಮನಿ. ಅದು ಕಟ್ಟಿದರೆ ಶಕ್ತಿ, ನೋವಿನ ಅರಿವು ಹೋಗುತ್ತವೆ. ಹಿಂಭಾಗದ ನರಗಳು ಉಳಿಯುತ್ತವೆ.

ರೇಡಿಯಾಲಜಿಸ್ಟ್ ಮೇಡಂ ‘ಡಿಫ್ಯೂಷನ್ ಸೇರಿಸಿ’ ಅಂದರು. ರಕ್ತ ಸಿಗದ ಜೀವಕೋಶ ಊದಿಕೊಂಡಾಗ ನೀರಿನ ಕಣಗಳ ಓಡಾಟಕ್ಕೆ ತಡೆಯಾಗುತ್ತದೆ. ಆ ಜಾಗವನ್ನು ಈ ವಿಧಾನ ಬಿಳಿಯಾಗಿ ತೋರಿಸುತ್ತದೆ. ಹುರಿಯೋ ಬೆರಳಿನಷ್ಟೇ ದಪ್ಪ. ಉಸಿರಾಟ, ಎದೆಬಡಿತ, ಸುತ್ತಲಿನ ದ್ರವದ ಮಿಡಿತಕ್ಕೆ ಚಿತ್ರ ಕದಡುತ್ತದೆ. ಸೀನಿಯರ್ ಟೆಕ್ನಾಲಜಿಸ್ಟ್ ಎರಡು ಸಲ ತೆಗೆದ ಮೇಲೆ ಪೆನ್ಸಿಲ್ ಗೀಟಿನಂಥ ಬಿಳಿ ಗೆರೆ ಕಂಡಿತು. ಮರುದಿನದ ಟಿ2 ಅಡ್ಡಚಿತ್ರದಲ್ಲಿ ಗೂಬೆಯ ಕಣ್ಣಿನಂತೆ ಎರಡು ಚುಕ್ಕೆ.

ಹೆಸರು ಸಿಕ್ಕ ಮಾತ್ರಕ್ಕೆ ಕಾಲಿಗೆ ಬಲ ಬರುವುದಿಲ್ಲ. ಆದರೆ ದಾರಿ ಗೊತ್ತಾಗುತ್ತದೆ: ರಕ್ತದೊತ್ತಡ ಇಳಿಯದಂತೆ ಕಾಯುವುದು, ಮಹಾಪಧಮನಿ, ಹೃದಯಗಳಲ್ಲಿ ಕಾರಣ ಹುಡುಕುವುದು, ಬೇಗ ಫಿಸಿಯೊಥೆರಪಿ ಶುರು ಮಾಡುವುದು. ವಾರ್ಡ್ ಬಿಡುವ ಹೊತ್ತಿಗೆ ಅವರು ಹಿಡಿಸಿಕೊಂಡು ನಿಲ್ಲುತ್ತಿದ್ದರು.

ಗೆಳೆಯರೇ, ಮನೆಯಲ್ಲಿ ಯಾರಿಗಾದರೂ ಬೆನ್ನುನೋವಿನ ಜೊತೆ ದಿಢೀರನೆ ಕಾಲು ಸೋತರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ರಿಪೋರ್ಟ್ ನಾರ್ಮಲ್ ಬಂದರೂ ಕಾಲು ಏಳದಿದ್ದರೆ ಆ ಮಗನ ಹಾಗೆ ಮತ್ತೊಮ್ಮೆ ಕೇಳಿ.