ಸೇನಾ ದಾದಿಯರ ಉಚ್ಚ ವ್ಯಾಸಂಗ: ಹತ್ತನೆಯ ತರಗತಿಯಲ್ಲೇ ಯೋಚಿಸಬೇಕಾದ ಸಂಗತಿ

ಕಳೆದ ಬೇಸಗೆಯ ರಜೆಯಲ್ಲಿ ಒಂದು ಸಂಜೆ ಮಸಿನಗುಡಿಯ ಕಡೆಯಿಂದ ಬಂದ ಬಸ್ಸಿನಿಂದ ಇಳಿದ ಯುವತಿಯೊಬ್ಬಳು ತನ್ನ ಮನೆಗೂ ಹೋಗದೆ ನೆಟ್ಟಗೆ ನಮ್ಮ ಮನೆಯ ಜಗಲಿಗೆ ಬಂದಳು. ಮಾವನಲ್ಲದ ನಮ್ಮ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗಿ. ಈಗ ಸೇನಾ ಶುಶ್ರೂಷಾ ಸೇವೆಯಲ್ಲಿ ಲೆಫ್ಟಿನೆಂಟ್. ಕಾಲಿಗೆರಗಿ ಎದ್ದವಳು, "ಮೇಷ್ಟ್ರೇ, ಶಾಲೆಯ ಹಳೆಯ ದಾಖಲೆ ಪುಸ್ತಕದಲ್ಲಿ ನನ್ನ ಹೆಸರು ಹೇಗೆ ಬರೆದಿದೆ, ನೋಡಿ ಹೇಳಬೇಕು. ಎಂ.ಎಸ್ಸಿ. ನರ್ಸಿಂಗಿಗೆ ಅರ್ಜಿ ಹಾಕಬೇಕೆಂದಿದ್ದೇನೆ" ಎಂದಳು.

ಅಷ್ಟರಲ್ಲಿ ಸುದ್ದಿ ತಿಳಿದು ಅವಳ ತಾಯಿಯೂ ಬಂದರು. ಮಗಳನ್ನು ಕಂಡ ಸಂತೋಷ ಒಂದು ಕಡೆ, ಚಿಂತೆ ಇನ್ನೊಂದು ಕಡೆ. "ಕೆಲಸ ಸಿಕ್ಕಿತು, ನಕ್ಷತ್ರ ಹಚ್ಚಿಕೊಂಡಳು. ಇನ್ನೂ ಎಷ್ಟು ಓದುವುದು ಮೇಷ್ಟ್ರೇ? ನೀವೇ ಬುದ್ಧಿ ಹೇಳಿ" ಎಂದರು. ನಾನು ಬುದ್ಧಿ ಹೇಳಲಿಲ್ಲ. ಈ ಹುಡುಗಿಗೆ ಹಿಂದೊಮ್ಮೆ ಬುದ್ಧಿ ಹೇಳಿ ಅವಳ ಕೆಲವು ವರ್ಷಗಳನ್ನು ಕಳೆದವನು ನಾನೇ. ಆ ತಪ್ಪನ್ನು ಇಲ್ಲಿ ಬರೆದರೆ ಓದುಗ ಬಂಧುಗಳ ಮನೆಯ ಮಕ್ಕಳಿಗಾದರೂ ಅದು ತಪ್ಪೀತು ಎಂಬ ಉದ್ದೇಶದಿಂದ ಈ ಲೇಖನ.

ಅವಳು ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿದಾಗ, ಪ್ಲಸ್ ಒನ್ನಿಗೆ ಯಾವ ಗ್ರೂಪ್ ತೆಗೆದುಕೊಳ್ಳಲಿ ಎಂದು ಅವಳ ತಂದೆ ನನ್ನನ್ನು ಕೇಳಿದರು. ಹುಡುಗಿಗೆ ದಾದಿಯಾಗುವ ಆಸೆ. ನಮ್ಮ ರಾಜ್ಯದ ಹೈಯರ್ ಸೆಕೆಂಡರಿಯಲ್ಲಿ ವೃತ್ತಿಪರ ವಿಭಾಗವೊಂದಿದ್ದು, ಅದರಲ್ಲಿ ನರ್ಸಿಂಗ್ ಎಂಬ ವಿಷಯವೇ ಇದೆ. ಹೆಸರೇ ನರ್ಸಿಂಗ್ ಎಂದ ಮೇಲೆ ಇನ್ನೇನು ಬೇಕು ಎಂದುಕೊಂಡು ಅದನ್ನೇ ಸೇರಿಸಿರಿ ಎಂದೆ. ಎರಡು ವರ್ಷ ಕಳೆದು, ಸೇನೆಯ ಬಿ.ಎಸ್ಸಿ. ನರ್ಸಿಂಗಿಗೆ ಅರ್ಜಿ ಹಾಕಲು ಹೊರಟಾಗ ಗೊತ್ತಾಯಿತು: ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಈ ನಾಲ್ಕನ್ನೂ ಓದಿರಬೇಕು. ನಮ್ಮ ಹುಡುಗಿ ರೋಗಿಯ ಹಾಸಿಗೆ ಹಾಸುವುದನ್ನು ಕಲಿತಿದ್ದಳು, ಭೌತಶಾಸ್ತ್ರವನ್ನು ಓದಿರಲಿಲ್ಲ. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಅವಳ ತಂದೆ ಹೇಳಿದರು.

ನೂರಕ್ಕೂ ಹೆಚ್ಚು ವರ್ಷಗಳ ಸೇವೆ

ನಮ್ಮ ನೀಲಗಿರಿಗೆ ಸೈನ್ಯವು ಹೊಸತಲ್ಲ. ವೆಲ್ಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿದೆ, ರಕ್ಷಣಾ ಸೇವೆಗಳ ಸಿಬ್ಬಂದಿ ಕಾಲೇಜಿದೆ, ಸೇನಾ ಆಸ್ಪತ್ರೆಯಿದೆ. ಆದರೂ ಸೈನ್ಯವೆಂದರೆ ಗಂಡುಮಕ್ಕಳ ಭರ್ತಿ ಎಂದಷ್ಟೇ ನಮ್ಮ ಹಳ್ಳಿಗಳಲ್ಲಿ ತಿಳಿವಳಿಕೆ. 1888ರಲ್ಲಿ ಹತ್ತು ಮಂದಿ ತರಬೇತಾದ ದಾದಿಯರು ಹಡಗಿನಲ್ಲಿ ಬೊಂಬಾಯಿಗೆ ಬಂದಿಳಿದಂದಿನಿಂದ ಈ ದೇಶದ ಸೇನಾ ಆಸ್ಪತ್ರೆಗಳಲ್ಲಿ ಕ್ರಮವಾದ ಶುಶ್ರೂಷೆ ಆರಂಭವಾಯಿತು. 1926ರಲ್ಲಿ ಭಾರತೀಯ ಸೇನಾ ಶುಶ್ರೂಷಾ ಸೇವೆಯು ಕಾಯಂ ಅಂಗವಾಯಿತು. ಎರಡನೆಯ ಮಹಾಯುದ್ಧದ ನಡುವೆ, 1943ರ ಆಜ್ಞೆಯಿಂದ ಈ ದಾದಿಯರಿಗೆ ಅಧಿಕಾರಿಗಳ ಸ್ಥಾನ ದೊರೆಯಿತು. 1976ರಲ್ಲಿ ಇದೇ ಸೇವೆಯ ಜಿ. ಆಲಿ ರಾಮ್ ಅವರು ಮೇಜರ್ ಜನರಲ್ ಪದವಿಗೇರಿ, ಭಾರತದ ಸಶಸ್ತ್ರ ಪಡೆಗಳಲ್ಲಿ ಆ ಪದವಿ ಪಡೆದ ಮೊದಲ ಮಹಿಳೆಯಾದರು. ಯುದ್ಧವಿಮಾನವನ್ನು ಹೆಣ್ಣುಮಕ್ಕಳು ಹಾರಿಸುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ಸೈನ್ಯದ ಎತ್ತರದ ಮೆಟ್ಟಿಲನ್ನು ಏರಿದವಳು ಒಬ್ಬ ದಾದಿ ಎಂಬುದನ್ನು ನಮ್ಮ ಹುಡುಗಿಯರಿಗೆ ಹೇಳಬೇಕು.

ನೇರವಾದ ದಾರಿ

ಸೇನೆಯ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ ವ್ಯಾಸಂಗ. ಪುಣೆ, ಕೊಲ್ಕತ್ತಾ, ಮುಂಬಯಿ, ದೆಹಲಿ, ಲಕ್ನೋ, ಬೆಂಗಳೂರು ಈ ಆರು ಊರುಗಳ ಸೇನಾ ಆಸ್ಪತ್ರೆಗಳಿಗೆ ಸೇರಿದ ಕಾಲೇಜುಗಳಲ್ಲಿ ಒಟ್ಟು 220 ಸ್ಥಾನಗಳು. ಇವುಗಳಲ್ಲಿ 40 ಸ್ಥಾನಗಳು ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲಿವೆ. ಶಿಕ್ಷಣ ಶುಲ್ಕವಿಲ್ಲ, ಊಟ, ವಸತಿ, ಸಮವಸ್ತ್ರ ಸರ್ಕಾರದ್ದು, ಮೇಲೆ ವಿದ್ಯಾರ್ಥಿವೇತನ. ಅದಕ್ಕೆ ಪ್ರತಿಯಾಗಿ ಓದು ಮುಗಿದ ಮೇಲೆ ಸೇವೆ ಸಲ್ಲಿಸುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು.

ಅರ್ಹತೆ ಏನು? ಹುಡುಗಿಗೆ 17 ವರ್ಷ ತುಂಬಿರಬೇಕು. ಮೇಲೆ ಹೇಳಿದ ನಾಲ್ಕು ವಿಷಯಗಳೊಡನೆ ಪ್ಲಸ್ ಟುವನ್ನು ಮೊದಲನೆಯ ಯತ್ನದಲ್ಲಿಯೇ, ಒಟ್ಟು ಶೇಕಡಾ 50ಕ್ಕೆ ಕಡಮೆಯಿಲ್ಲದ ಅಂಕಗಳಿಂದ, ಕ್ರಮವಾದ ವಿದ್ಯಾರ್ಥಿನಿಯಾಗಿ ಮುಗಿಸಿರಬೇಕು. ಅವಿವಾಹಿತೆಯಾಗಿರಬೇಕು, ವಿಚ್ಛೇದನ ಪಡೆದವರಿಗೂ ವಿಧವೆಯರಿಗೂ ಅವಕಾಶವುಂಟು. 2022ರಿಂದ ಈಚೆಗೆ ನೀಟ್ ಪರೀಕ್ಷೆಯ ಅಂಕವೇ ಮೊದಲ ಜರಡಿಯಾಗಿದೆ.

ಇಲ್ಲಿ ಎರಡು ಎಚ್ಚರಿಕೆಗಳು. ಮೊದಲನೆಯದು, ನೀಟ್ ಬರೆದು ಸುಮ್ಮನೆ ಕುಳಿತರೆ ಕರೆ ಬರುವುದಿಲ್ಲ. ಸೇನೆಯು ಪ್ರಕಟಣೆ ಹೊರಡಿಸಿದಾಗ ಅದರ ಜಾಲತಾಣದಲ್ಲಿ ಬೇರೆಯಾಗಿ ಅರ್ಜಿ ಸಲ್ಲಿಸಬೇಕು. ಆಮೇಲೆ ಸಾಮಾನ್ಯ ಬುದ್ಧಿಮತ್ತೆ ಮತ್ತು ಇಂಗ್ಲಿಷ್ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ಎರಡನೆಯದು ನಮ್ಮಂತಹ ಗಡಿನಾಡಿನವರದು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಉಂಟು. ಆದರೆ ಅದು ದೊರೆಯುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ. ಊಟಿಯಲ್ಲೋ ಕೊಯಮತ್ತೂರಿನಲ್ಲೋ ಬರೆಯುವವರಿಗೆ ತಮಿಳು ಅಥವಾ ಇಂಗ್ಲಿಷ್. ಮೈಸೂರಿನ ಕೇಂದ್ರವನ್ನು ಆರಿಸಿಕೊಂಡವರು ಹಿಂದಿನ ದಿನವೇ ಹೊರಡಬೇಕು. ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದು ನಮಗೆಲ್ಲ ತಿಳಿದದ್ದೇ.

ಸುತ್ತು ದಾರಿ

ನಮ್ಮ ಹುಡುಗಿಗೆ ಈ ದಾರಿ ಮುಚ್ಚಿತ್ತು. ಆದರೆ ಅವಳು ಕುಗ್ಗಲಿಲ್ಲ. ಜಿ.ಎನ್.ಎಂ. ಎಂಬ ಮೂರು ವರ್ಷಗಳ ಡಿಪ್ಲೊಮಾಕ್ಕೆ ಸೇರಿದಳು. ಅದನ್ನು ಮುಗಿಸಿ, ದಾದಿಯಾಗಿಯೂ ಸೂಲಗಿತ್ತಿಯಾಗಿಯೂ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಿಕೊಂಡಳು. ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ರಾತ್ರಿಪಾಳಿ ಮಾಡಿ ಹಣ ಕೂಡಿಸಿದಳು. ಬಳಿಕ, ಡಿಪ್ಲೊಮಾ ಪಡೆದವರಿಗೆಂದೇ ಇರುವ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗನ್ನು ಓದಿದಳು. 2023ರ ಕೊನೆಯಲ್ಲಿ ಸೇನಾ ಶುಶ್ರೂಷಾ ಸೇವೆಯ ಅಲ್ಪಾವಧಿ ಅಧಿಕಾರಿಗಳ ನೇಮಕಕ್ಕೆ ಪ್ರಕಟಣೆ ಬಂದಾಗ, ಬಿ.ಎಸ್ಸಿ., ಎಂ.ಎಸ್ಸಿ. ಪದವೀಧರೆಯರೊಡನೆ ಪೋಸ್ಟ್ ಬೇಸಿಕ್ ಪದವೀಧರೆಯರೂ ಅರ್ಹರೆಂದಿತ್ತು. ವಯಸ್ಸು 21ರಿಂದ 35. 2024ರ ಜನವರಿಯಲ್ಲಿ ಪರೀಕ್ಷೆ ಬರೆದಳು, ಆಯ್ಕೆಯಾದಳು.

ಹದಿನೆಂಟರಲ್ಲಿ ಹೊಕ್ಕಬೇಕಾಗಿದ್ದ ಬಾಗಿಲನ್ನು ಅವಳು ಇಪ್ಪತ್ತೊಂಬತ್ತರಲ್ಲಿ ಹೊಕ್ಕಳು. ಆ ಹನ್ನೊಂದು ವರ್ಷಗಳಲ್ಲಿ ಒಂದು ಪಾಲು ಅವಳ ಮನೆಯ ಬಡತನದ ಲೆಕ್ಕಕ್ಕೆ ಹೋದರೂ ದೊಡ್ಡ ಪಾಲು ನನ್ನ ಅಜ್ಞಾನದ ಲೆಕ್ಕಕ್ಕೇ ಸೇರಬೇಕು.

ಎಂ.ಎಸ್ಸಿ.ಗೆ ಬೇಕಾದುದು

ನಮ್ಮ ದೇಶದಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾದುದು 1946ರಲ್ಲಿ, ದೆಹಲಿಯಲ್ಲಿ ಮತ್ತು ನಮ್ಮದೇ ರಾಜ್ಯದ ವೆಲ್ಲೂರಿನಲ್ಲಿ. ಸ್ನಾತಕೋತ್ತರ ವ್ಯಾಸಂಗವು 1959ರಲ್ಲಿ ದೆಹಲಿಯ ರಾಜಕುಮಾರಿ ಅಮೃತ ಕೌರ್ ಕಾಲೇಜಿನಲ್ಲಿ ಮೊದಲಾಯಿತು. ಈಗ ಇದು ಎರಡು ವರ್ಷಗಳ ಓದು. ವೈದ್ಯಕೀಯ-ಶಸ್ತ್ರಚಿಕಿತ್ಸಾ ಶುಶ್ರೂಷೆ, ಸಮುದಾಯ ಆರೋಗ್ಯ, ಮಕ್ಕಳ ಶುಶ್ರೂಷೆ, ಪ್ರಸೂತಿ ಮತ್ತು ಸ್ತ್ರೀರೋಗ, ಮಾನಸಿಕ ಆರೋಗ್ಯ ಎಂಬ ಐದು ವಿಭಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಮೂರು ಅರ್ಹತೆಗಳು ಮುಖ್ಯ. ಒಂದು, ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯಲ್ಲಿ ಒಟ್ಟು ಶೇಕಡಾ 55 ಅಂಕ. ಎರಡು, ಯಾವುದಾದರೊಂದು ರಾಜ್ಯದ ಪರಿಷತ್ತಿನಲ್ಲಿ ದಾದಿ ಮತ್ತು ಸೂಲಗಿತ್ತಿಯಾಗಿ ನೋಂದಣಿ. ಮೂರು, ಒಂದು ವರ್ಷದ ಕೆಲಸದ ಅನುಭವ. ಈ ಮೂರನೆಯದರಲ್ಲಿ ಒಂದು ಸೂಕ್ಷ್ಮವಿದೆ. ನೇರವಾಗಿ ಬಿ.ಎಸ್ಸಿ. ಓದಿದವಳ ಅನುಭವವು ಪದವಿಯ ನಂತರದ್ದಾಗಿರಬೇಕು. ಪೋಸ್ಟ್ ಬೇಸಿಕ್ ಓದಿದವಳಿಗೆ ಆ ಓದಿಗೆ ಮುಂಚಿನ ಅನುಭವವೂ ಸಲ್ಲುತ್ತದೆ. ಸುತ್ತು ದಾರಿಯಲ್ಲಿ ಬಂದವಳಿಗೆ ವಿಧಿಯು ಇಷ್ಟಾದರೂ ದಯೆ ತೋರಿದೆ! ನಮ್ಮ ಹುಡುಗಿಯ ರಾತ್ರಿಪಾಳಿಗಳು ವ್ಯರ್ಥವಾಗಲಿಲ್ಲ.

ಪರಿಷತ್ತಿಗೆ ಆಧಾರವಾಗಿದ್ದ 1947ರ ಕಾಯ್ದೆಯ ಸ್ಥಾನಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಆದುದರಿಂದ ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಬೇಕು. ಪಕ್ಕದ ಮನೆಯವರು ಹೇಳಿದರೆಂದು, ಅಷ್ಟೇಕೆ ಮೇಷ್ಟ್ರು ಹೇಳಿದರೆಂದು ಕೂಡ, ನಂಬಬಾರದು.

ಸೇವೆಯಲ್ಲಿರುವ ಸೇನಾ ದಾದಿಗೆ ಇವುಗಳ ಮೇಲೆ ಇನ್ನೊಂದು ಬಾಗಿಲನ್ನು ದಾಟುವುದಿದೆ. ವಿಶ್ವವಿದ್ಯಾನಿಲಯ ಒಪ್ಪಿದರೆ ಸಾಲದು, ಸೇನೆಯೂ ಒಪ್ಪಬೇಕು. ಅರ್ಜಿಯು ಮೇಲಧಿಕಾರಿಗಳ ಮೂಲಕವೇ ಸಾಗಬೇಕು. ಲಿಖಿತ ಅನುಮತಿಯಿಲ್ಲದೆ ಓದಿಗೆ ಹೋಗುವಂತಿಲ್ಲ. ಸೇನೆಯದೇ ಆದ ಪುಣೆಯ ನರ್ಸಿಂಗ್ ಕಾಲೇಜಿನಲ್ಲಿ ಎಂ.ಎಸ್ಸಿ. ವ್ಯಾಸಂಗವುಂಟು. ಅಲ್ಲಿಂದ ಮುಂದೆ ಪಿಎಚ್.ಡಿ. ಮಾಡುವ ಹಂಬಲವುಳ್ಳವರಿಗೆ, ನರ್ಸಿಂಗ್ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದೊಡನೆ ಸೇರಿ ಏರ್ಪಡಿಸಿದ ರಾಷ್ಟ್ರೀಯ ಒಕ್ಕೂಟದ ವ್ಯವಸ್ಥೆಯಿದೆ. ಕನ್ನಡ ನಾಡಿನ ರಾಜಧಾನಿ ನಮಗೆ ದೂರವೇನಲ್ಲ.

ಮದುವೆಯ ಮಾತು

ತಾಯಿಯ ಚಿಂತೆಯನ್ನು ಹಗುರವಾಗಿ ಕಾಣುವಂತಿಲ್ಲ. ಮದುವೆಯಾದರೆ ಕೆಲಸ ಹೋಗುತ್ತದೆ, ಮದುವೆಯಾಗದಿದ್ದರೆ ವಯಸ್ಸು ಹೋಗುತ್ತದೆ ಎಂಬುದು ಅವರ ಅಳಲು. ಇದರ ಮೊದಲ ಅರ್ಧ ಹಿಂದೆ ನಿಜವೇ ಆಗಿತ್ತು. ಸೆಲಿನಾ ಜಾನ್ ಎಂಬ ಸೇನಾ ದಾದಿಯನ್ನು 1988ರಲ್ಲಿ ಮದುವೆಯ ಕಾರಣಕ್ಕಾಗಿ ಸೇವೆಯಿಂದ ಬಿಡುಗಡೆ ಮಾಡಲಾಗಿತ್ತು. 1977ರ ಆ ನಿಯಮವನ್ನು 1995ರಲ್ಲಿ ಹಿಂದೆಗೆದುಕೊಳ್ಳಲಾಯಿತು. ಆಕೆ ಬಿಡದೆ ಹೋರಾಡಿದರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಮದುವೆಯಾದಳೆಂದು ಹೆಣ್ಣನ್ನು ಕೆಲಸದಿಂದ ತೆಗೆಯುವುದು ಅನ್ಯಾಯವೆಂದು ತೀರ್ಪಿತ್ತು, 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಇದನ್ನು ಆ ತಾಯಿಗೆ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಓದುತ್ತಲೇ ಗಂಡು ನೋಡಬಹುದಲ್ಲ" ಎಂದರು. ಮಗಳು ನಕ್ಕಳು. ಮಾತು ಅಲ್ಲಿಗೆ ನಿಂತಿತು.

ಕಾಗದಗಳ ಕಟ್ಟು

ಮರುದಿನ ಶಾಲೆಯ ಬೀರು ತೆಗೆದು ದಾಖಲೆ ಪುಸ್ತಕವನ್ನು ನೋಡಿದೆವು. ಅವಳ ಹೆಸರಿನ ಮುಂದೆ ತಂದೆಯ ಹೆಸರಿನ ಒಂದೇ ಅಕ್ಷರ, ನನ್ನದೇ ಕೈಬರಹದಲ್ಲಿ. ಮುಂದಿನ ಪ್ರಮಾಣಪತ್ರಗಳಲ್ಲಿ ಒಂದು ಕಡೆ ಆ ಅಕ್ಷರ ಹಿಂದೆ ಹೋಗಿದೆ. ಇನ್ನೊಂದು ಕಡೆ ತಂದೆಯ ಪೂರ್ಣ ಹೆಸರಿದೆ. ನಮ್ಮ ರಾಜ್ಯದಲ್ಲಿ ಇದು ಎಲ್ಲ ಮನೆಗಳ ಕಥೆ. ಊರಿನಲ್ಲಿ ಯಾರೂ ಕೇಳುವುದಿಲ್ಲ. ದೂರದ ಕಚೇರಿಯಲ್ಲಿ ಮೂವರು ಬೇರೆ ಬೇರೆ ಹೆಂಗಸರೋ ಎಂದು ಕೇಳುತ್ತಾರೆ.

ಆದುದರಿಂದ ಹೆಣ್ಣುಮಕ್ಕಳ ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟು. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಮೊದಲೇ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕಗಳನ್ನು ಜನನ ಪತ್ರದೊಡನೆ ಹೋಲಿಸಿ ಸರಿಪಡಿಸಿಕೊಳ್ಳಿರಿ. ಪ್ರತಿ ವರ್ಷದ ಅಂಕಪಟ್ಟಿಯನ್ನೂ ನೋಂದಣಿ ಪತ್ರವನ್ನೂ ಜೋಪಾನವಾಗಿಡಿ. ಕೆಲಸ ಬಿಡುವ ದಿನವೇ, ಸೇರಿದ ಮತ್ತು ಬಿಟ್ಟ ದಿನಾಂಕಗಳುಳ್ಳ ಅನುಭವ ಪತ್ರವನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಐದು ವರ್ಷ ಕಳೆದು ಹೋದರೆ ಗುರುತಿಸುವವರು ಯಾರೂ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದಾದಿಯಾಗುವ ಮನಸ್ಸುಳ್ಳ ಹುಡುಗಿಗೆ ಪ್ಲಸ್ ಒನ್ನಿನಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳ ಗ್ರೂಪನ್ನೇ ಕೊಡಿಸಿರಿ. ಕಷ್ಟವೆಂದು ಹೆದರುವವಳಿಗೆ ಧೈರ್ಯ ಹೇಳಿರಿ. ಮೇಲಿನ ಪದವಿಯ ನೇರ ದಾರಿ ಆ ಒಂದು ಹಾಳೆಯ ಅರ್ಜಿಯಿಂದಲೇ ಹೊರಡುತ್ತದೆ.

ರಜೆ ಮುಗಿಸಿ ಹೊರಡುವ ಮುನ್ನಾದಿನ ಆ ಹುಡುಗಿ ತನ್ನ ಚಿಕ್ಕಪ್ಪನ ಮಗಳನ್ನು ಕರೆದುಕೊಂಡು ಬಂದಳು. ಹತ್ತನೆಯ ತರಗತಿ ಮುಗಿಸಿದ ಮಗು. ಕೈಯಲ್ಲಿ ಪ್ಲಸ್ ಒನ್ನಿನ ಅರ್ಜಿ. "ಇವಳದ್ದನ್ನು ನೀವೇ ತುಂಬಿಸಿಕೊಡಿ ಮೇಷ್ಟ್ರೇ" ಎಂದಳು. ಗ್ರೂಪ್ ಎಂಬಲ್ಲಿ ಬರೆಯುವ ಮೊದಲು ನಾನು ಕನ್ನಡಕ ಒರೆಸಿಕೊಂಡು ಆ ಸಾಲನ್ನು ಎರಡು ಸಲ ಓದಿದೆ.