ಪಂಪಿನೊಳಗಿನ ಬೋರ್ಡೋ, ಗ್ಲಾಸಿನೊಳಗಿನ ಬೋರ್ಡೋ

ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ ದ್ರಾಕ್ಷಿ ಹಚ್ಚಿದ ಯಾವ ರೈತನನ್ನು ಬೇಕಾದರೂ ಕೇಳಿ, ‘ಬೋರ್ಡೋ’ ಅಂದರೆ ಏನು ಅಂತ. ಮೋರ್ಚೂದ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂದು ನಿದ್ದೆಯಲ್ಲೂ ಹೇಳುತ್ತಾನೆ. ಮೋಡ ಕಟ್ಟಿ ಡೌನಿ ರೋಗದ ಭಯ ಬಂತೆಂದರೆ ತೋಟಕ್ಕೆ ತೋಟವೇ ನೀಲಿ ಬಣ್ಣಕ್ಕೆ ತಿರುಗುತ್ತದೆ. ಅದು ಫ್ರಾನ್ಸ್ ದೇಶದ ಒಂದು ಊರಿನ ಹೆಸರು, ಆ ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ದ್ರಾಕ್ಷಿ ತೋಟಗಳಿವೆ ಎಂಬುದು ನಲವತ್ತು ದಾಟುವವರೆಗೆ ನನಗೂ ಗೊತ್ತಿರಲಿಲ್ಲ. ಆ ಸೀಮೆಯ ವೈನನ್ನು ನಮ್ಮ ಪಡಸಾಲೆಯಲ್ಲಿ ಕೂತು, ಚಹಾದ ಗಾಜಿನ ಗ್ಲಾಸಿನಲ್ಲಿ ಕುಡಿದದ್ದು 2023ರ ಜೂನಿನಲ್ಲಿ. ಅದರ ಮೊದಲು ಇನ್ನೂ ನಾಲ್ಕು ಬಾಟ್ಲಿ ಆಗಿದ್ದವು. ಅವುಗಳ ಸುದ್ದಿ ಮೊದಲು ಹೇಳುತ್ತೇನೆ.

ನಮ್ಮ ಅಕ್ಕನ ಮಗ ಜರ್ಮನಿಯ ಕೊಬ್ಲೆನ್ಜ್ ಎಂಬ ಊರಲ್ಲಿ ಕೆಲಸಕ್ಕಿದ್ದಾನೆ. ಮೋಸೆಲ್ ನದಿ ರೈನ್ ನದಿಗೆ ಕೂಡುವ ಊರು ಅದು. 2022ರ ಡಿಸೆಂಬರಿನಲ್ಲಿ ಹೆಂಡತಿ ಜೊತೆ ಊರಿಗೆ ಬಂದಾಗ ನಾಲ್ಕು ದೊಡ್ಡ ಬಾಟ್ಲಿ, ಒಂದು ಅರ್ಧ ಬಾಟ್ಲಿ ತಂದ. ವಿಮಾನದಲ್ಲಿ ಬರುವವರು ತಲೆಗೆ ಎರಡು ಲೀಟರ್ ತರಬಹುದು. ಅದಕ್ಕಿಂತ ಹೆಚ್ಚಾದರೆ ಸುಂಕ. ಹೊರದೇಶದ ವೈನಿನ ಮೇಲೆ ನಮ್ಮ ದೇಶ ಬಹಳ ವರ್ಷ ಶೇ. 150 ಸುಂಕ ಹಾಕುತ್ತ ಬಂದದ್ದರಿಂದ, ಅಲ್ಲಿ ಆರೇಳು ಯೂರೋಕ್ಕೆ ಕಿರಾಣಿ ಅಂಗಡಿಯಲ್ಲಿ ಸಿಗುವ ಮಾಲು ಇಲ್ಲಿ ಸಾಹುಕಾರರ ಮಾಲಾಗಿತ್ತು. ಇನ್ನೊಂದು ಮಾತು: 1949ರ ಪಾನನಿಷೇಧ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಮನೆಯೊಳಗೆ ಕುಡಿಯುವುದಕ್ಕೂ ಪರ್ಮಿಟ್ ಬೇಕು. ಓದುಗರು ನಗಬಾರದು, ನಾವು ತೆಗೆಸಿದೆವು.

ಮನೆಯಲ್ಲಿ ಗದ್ದಲ ಆಗಲಿಲ್ಲ ಅಂದರೆ ಸುಳ್ಳಾದೀತು. ‘ಅಡಿಗಿಮನಿ ಒಳಗ ತರಬ್ಯಾಡ್ರಿ, ದೇವರ ಜಗಲಿ ಮುಂದ ಹಾಯಬ್ಯಾಡ್ರಿ’ ಎಂದು ಹೆಂಡತಿ ಎರಡೇ ಮಾತಿನಲ್ಲಿ ತೀರ್ಪು ಕೊಟ್ಟಳು. ಹಾಗಾಗಿ ಬಾಟ್ಲಿಗಳ ವಸ್ತಿ ಪಡಸಾಲೆಯ ಕಪಾಟಿಗೆ. ರುಚಿ ನೋಡಲು ಕೂತವರು ಮೂವರು: ಅಳಿಯ, ನಾನು, ನಮ್ಮ ಕಾಕಾ. ಕಾಕಾಗೆ ಎಪ್ಪತ್ನಾಲ್ಕು ವರ್ಷ. ಥಾಮ್ಸನ್ ಬಂದಾಗಿನಿಂದ ದ್ರಾಕ್ಷಿ ಮಾಡಿದವರು. ಬ್ರಿಕ್ಸ್ ಮೀಟರ್ ಇಲ್ಲದೆ ಒಂದು ಕಾಳು ಬಾಯಿಗೆ ಹಾಕಿಕೊಂಡು ಸಕ್ಕರೆ ಎಷ್ಟೆಂದು ಹೇಳುವ ನಾಲಿಗೆ. ಐದು ಬಾಟ್ಲಿ ಸಾಲಾಗಿ ಇಟ್ಟಾಗ ಅವರು ಕೆಂಪು ಬಾಟ್ಲಿಯೊಂದರ ಚೀಟಿ ಓದಿಸಿಕೊಂಡರು. ‘ಕ್ಯಾಬರ್ನೆ’ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ‘ಅದನ್ನ ಆಕಡಿ ಇಡೋ’ ಅಂದರು. ಯಾಕೆಂದು ಅಳಿಯನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮೊದಲು ಒಡೆದದ್ದು ಮೋಸೆಲ್ ದಂಡೆಯ ರೀಸ್ಲಿಂಗ್. ಉದ್ದನೆಯ ಹಸಿರು ಬಾಟ್ಲಿ, ಎಂಟು ವರ್ಷ ಹಿಂದಿನ ಮಾಲು. ‘ಮುತ್ಯಾ, ಮೊದಲ ವಾಸನಿ ನೋಡ್ರಿ’ ಎಂದ ಅಳಿಯ. ಕಾಕಾ ಮೂಗು ಒಯ್ದವರು ಹಿಂದಕ್ಕೆ ಸರಿದರು.

‘ಲೇ ತಮ್ಮಾ, ಚಿಮಣಿ ಎಣ್ಣಿ ಡಬ್ಬಿಯೊಳಗ ತಂದೀ ಏನೋ ಇದನ್ನ?’

ನಿಜವಾಗಿಯೂ ಸೀಮೆಎಣ್ಣೆಯ ವಾಸನೆ. ಹಳೆಯದಾದ ರೀಸ್ಲಿಂಗಿನ ಗುರುತೇ ಅದಂತೆ. ಅಲ್ಲಿಯವರು ಅದನ್ನು ದೋಷ ಅನ್ನದೆ ಹುಡುಕಿಕೊಂಡು ಹೋಗುತ್ತಾರೆ. ಆದರೆ ಬಾಯಿಗೆ ಬಿದ್ದ ಮೇಲೆ ಮಾತು ಬೇರೆ. ಮೊದಲು ಜೇನಿನಷ್ಟು ಸಿಹಿ, ಆಮೇಲೆ ಇಂಡಿ ಕಡೆಯ ಲಿಂಬೆ ಹಿಂಡಿದ ಹಾಗೆ ಹುಳಿ, ಕೊನೆಗೆ ಬಾಯಿ ತೊಳೆದಂತೆ ಸ್ವಚ್ಛ. ನಶೆ ಕಡಿಮೆ, ಎಂಟೂವರೆ ಶೇಕಡಾ. ಹುರಿದ ಶೇಂಗಾಕ್ಕೆ ಖಾರ ಉಪ್ಪು ಹಚ್ಚಿ ಇಟ್ಟಿದ್ದೆವು. ಖಾರದ ಉರಿಯನ್ನು ಆ ಸಿಹಿ ಒಂದು ಗುಟುಕಿನಲ್ಲಿ ಆರಿಸಿತು. ನಮ್ಮ ಊಟಕ್ಕೆ ಹೊಂದುವ ಯುರೋಪಿನ ವೈನ್ ಯಾವುದೆಂದು ಯಾರಾದರೂ ಕೇಳಿದರೆ ನನ್ನ ಓಟು ಇದಕ್ಕೆ.

ಕಾಕಾಗೆ ಹಿಡಿಸಿದ್ದು ಚೀಟಿಯ ಮೇಲಿನ ‘ಕ್ಯಾಬಿನೆಟ್’ ಎಂಬ ಶಬ್ದದ ಹಿಂದಿನ ಲೆಕ್ಕ. ಜರ್ಮನಿಯಲ್ಲಿ 1971ರ ಕಾಯ್ದೆಯ ಪ್ರಕಾರ ಕೊಯ್ಯುವಾಗ ಹಣ್ಣಿನ ರಸದಲ್ಲಿ ಸಕ್ಕರೆ ಎಷ್ಟಿತ್ತೆಂಬುದರ ಮೇಲೆ ವೈನಿಗೆ ಮೆಟ್ಟಿಲು ಕಟ್ಟುತ್ತಾರೆ. ಅವರ ಅಳತೆಗೆ ಎಕ್ಸ್ಲೆ ಎಂದು ಹೆಸರು. ಮೋಸೆಲ್ಲಿನ ಕ್ಯಾಬಿನೆಟ್‌ಗೆ ಕನಿಷ್ಠ 70 ಎಕ್ಸ್ಲೆ; ನಮ್ಮ ಬ್ರಿಕ್ಸ್ ಲೆಕ್ಕದಲ್ಲಿ 17. ‘ಹದಿನೇಳಕ್ಕ ಕೊಯ್ದರ ನಮ್ಮ ಬೇದಾಣಿ ಬರೀ ಸಿಪ್ಪಿ ಆಗತಾವ. ನಾವು ಇಪ್ಪತ್ತೆರಡರ ತನಕ ಕಾಯಬೇಕು’ ಎಂದರು ಕಾಕಾ. ಅಲ್ಲಿ ಬಿಸಿಲಿಲ್ಲ, ಹುಳಿ ಉಳಿಯುತ್ತದೆ. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ಹುಳಿ ನಿಲ್ಲುವುದಿಲ್ಲ. ಮೋಸೆಲ್ ದಂಡೆಯ ಕೆಲವು ತೋಟಗಳು ಅರವತ್ತು ಡಿಗ್ರಿ ಇಳಿಜಾರಿನ ಕಲ್ಲುಗುಡ್ಡದ ಮೇಲೆ ಇವೆ ಎಂದು ಅಳಿಯ ಫೋನಿನಲ್ಲಿ ಫೋಟೋ ತೋರಿಸಿದ. ಟ್ರ್ಯಾಕ್ಟರ್ ಹೋಗದ ಜಾಗ.

ಎರಡನೆಯದು ಶಾಬ್ಲಿ. ಸಂಕ್ರಾಂತಿಯ ದಿನ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಜೊತೆ. ಅಳಿಯ ಆಗಲೇ ವಾಪಸಾಗಿದ್ದ, ಫೋನಿನಲ್ಲೇ ಸೂಚನೆ. ಶಾರ್ಡನೆ ಎಂಬ ಬಿಳಿ ದ್ರಾಕ್ಷಿಯಿಂದ ಮಾಡಿದ್ದು. ನಿಜ ಹೇಳುತ್ತೇನೆ, ನನಗೆ ಸೇರಲಿಲ್ಲ. ತೆಳು, ಹುಳಿ, ಸಿಹಿ ಅಂಬುದೇ ಇಲ್ಲ. ವಾಸನೆ ಮಾತ್ರ ಮರೆಯುವಂಥದ್ದಲ್ಲ: ಮೊದಲ ಮಳೆ ಬಿದ್ದಾಗ ಸುಣ್ಣದ ಕಲ್ಲಿನಿಂದ ಏಳುವಂಥದ್ದು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಉಪ್ಪಿನ ಹಪ್ಪಳದ ಜೊತೆ ಕುಡಿದಾಗ ಹುಳಿ ಮೆತ್ತಗಾಗಿ ಸ್ವಲ್ಪ ತಿಳಿಯಿತು.

ಆ ಸುಣ್ಣದ ವಾಸನೆಗೆ ಅರ್ಥವಿದೆ ಅನ್ನುತ್ತಾರೆ. ಶಾಬ್ಲಿಯ ನೆಲವೇ ಸುಣ್ಣದ ಕಲ್ಲು. ಒಡೆದರೆ ಒಳಗೆ ಪುರಾತನ ಸಮುದ್ರದ ಸಣ್ಣ ಚಿಪ್ಪುಗಳು ಕಾಣುತ್ತವೆ. ನಮ್ಮ ಹೊಲದಲ್ಲಿ ಸುಣ್ಣ ಹೆಚ್ಚಾದರೆ ಎಲೆ ಹಳದಿಯಾಗಿ ಕಬ್ಬಿಣದ ಗೊಬ್ಬರಕ್ಕೆ ಓಡುತ್ತೇವೆ. ಅವರು ಸುಣ್ಣದ ಹೆಸರು ಹೇಳಿಯೇ ಮಾರುತ್ತಾರೆ. ಶಾಬ್ಲಿ ಎಂಬುದು ನಮ್ಮ ಉಮದಿಗಿಂತ ಸಣ್ಣ ಊರು. 1938ರಿಂದ ಆ ಹೆಸರಿಗೆ ಕಾನೂನಿನ ಬೇಲಿ ಇದೆ: ಇಂಥ ನೆಲ, ಇದೇ ಜಾತಿ, ಹೆಕ್ಟೇರಿಗೆ ಮಾಮೂಲಿ ಶಾಬ್ಲಿಗಾದರೆ ಸುಮಾರು 60 ಹೆಕ್ಟೋಲೀಟರ್ ಮಿತಿ. ಎಕರೆಗೆ ಲೆಕ್ಕ ಹಾಕಿದರೆ 2,400 ಲೀಟರ್, ಅಂದರೆ ಹಣ್ಣು ಮೂರು, ಮೂರೂವರೆ ಟನ್. ನಮ್ಮಲ್ಲಿ ಎಕರೆಗೆ ಹತ್ತು ಟನ್ ತೆಗೆಯದವನನ್ನು ಮಂದಿ ಆಡಿಕೊಳ್ಳುತ್ತಾರೆ. ಸಾಂಗಲಿ ಬೇದಾಣೆಗೂ 2016ರಲ್ಲಿ ಜಿ.ಐ. ಗುರುತು ಸಿಕ್ಕಿದೆ, ಅದನ್ನು ಮರೆಯಬಾರದು. ಆದರೆ ನಮ್ಮ ಬಾಕ್ಸಿನ ಮೇಲೆ ಇರುವುದು ವ್ಯಾಪಾರಿಯ ಮಾರ್ಕು. ಯಾವ ಊರಿನ, ಯಾವ ಹೊಲದ ಮಾಲು ಅಂತ ತಾಸಗಾಂವ್ ಸವಾಲಿನಲ್ಲಿ ಯಾರು ಕೇಳಿದ್ದಾರೆ?

ಅವರದೂ ಸುಖದ ಬಾಳು ಅಲ್ಲ. 2021ರ ಎಪ್ರಿಲಿನಲ್ಲಿ ಹಿಮಗಾಳಿ ಬೀಸಿ ಫ್ರಾನ್ಸಿನ ತೋಟಗಳ ಚಿಗುರು ಸುಟ್ಟುಹೋಯಿತು. ರಾತ್ರಿಯಿಡೀ ಸಾಲುಗಳ ನಡುವೆ ಮೇಣದ ದೀಪ ಹಚ್ಚಿದರು. ಕೆಲವರು ಚಿಗುರಿನ ಮೇಲೆ ನೀರು ಸಿಂಪಡಿಸಿ, ಆ ನೀರು ಹೆಪ್ಪುಗಟ್ಟಿ ಒಳಗಿನ ಕಣ್ಣನ್ನು ಕಾಯುವಂತೆ ಮಾಡಿದರು. ಆಣೆಕಲ್ಲು ಬಿದ್ದ ರಾತ್ರಿ ತೋಟದಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾರ್ಚಿನಲ್ಲಿ ಶೆಡ್ಡಿನ ರ್ಯಾಕಿನ ಮೇಲೆ ಹಣ್ಣು ಒಣಗುತ್ತಿದ್ದಾಗ ಅರ್ಧ ಬಾಟ್ಲಿ ತೆಗೆದೆವು. ಸ್ಪೇನಿನದು, ಪೆದ್ರೊ ಹಿಮೆನೆಥ್. ದ್ರಾಕ್ಷಿಯ ಹೆಸರೂ ಅದೇ, ಮಾಲಿನ ಹೆಸರೂ ಅದೇ. ಗ್ಲಾಸಿಗೆ ಸುರಿದರೆ ಕಾಕಂಬಿಯ ಹಾಗೆ ಕಪ್ಪಗೆ, ದಪ್ಪಗೆ ಇಳಿಯಿತು. ಚಿಗವ್ವ ಅತ್ತ ಹಾಯುತ್ತಿದ್ದವರು ನಿಂತರು. ‘ಏನರೆ ಅನ್ರಿ, ಇದು ನಮ್ಮ ಶೆಡ್ಡಿನ ವಾಸನಿ’ ಎಂದರು. ಹೌದು, ಅದು ಬೇದಾಣೆಯ ರಸವೇ. ಕಾರ್ಡೋಬಾ ಸೀಮೆಯಲ್ಲಿ ಬಿಳಿ ದ್ರಾಕ್ಷಿ ಕೊಯ್ದು ಚಾಪೆಗಳ ಮೇಲೆ ಬಿಸಿಲಿಗೆ ಹರಡುತ್ತಾರೆ, ಕೈಯಿಂದ ಮಗುಚುತ್ತಾರೆ, ಅರೆ ಒಣಗಿದ ಮೇಲೆ ಹಿಂಡಿ, ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಲೀಟರಿಗೆ 400 ಗ್ರಾಂ ಹತ್ತಿರ ಸಕ್ಕರೆ. ಅಂಜೂರ, ಖರ್ಜೂರ, ಸುಟ್ಟ ಬೆಲ್ಲ, ಎಲ್ಲ ಅದರಲ್ಲಿತ್ತು. ಎರಡು ಚಮಚಕ್ಕಿಂತ ಹೆಚ್ಚು ಕುಡಿಯಲಾಗದು. ಆದರೆ ಆ ಎರಡು ಚಮಚ ಬಾಯಲ್ಲಿ ಅರ್ಧ ತಾಸು ನಿಂತವು.

ಚಿಗವ್ವ ಕುಡಿಯಲಿಲ್ಲ. ಗ್ಲಾಸು ತೊಳೆಯಲು ಒಯ್ಯುವಾಗ ಬೆರಳು ಅದ್ದಿ ನೋಡಿದ್ದನ್ನು ನಾನು ಕಂಡೆ, ಕಾಣದವನ ಹಾಗೆ ಇದ್ದೆ.

ನನ್ನನ್ನು ಕಾಡಿದ್ದು ಬಣ್ಣ. ನಾವು ಡಿಪಿಂಗ್ ಆಯಿಲ್ ಹಚ್ಚಿ ನೆರಳಿನಲ್ಲಿ ಒಣಗಿಸಿ ಹಸಿರು ಬಣ್ಣ ಉಳಿಸಲು ಒದ್ದಾಡುತ್ತೇವೆ. ಮಳೆ ಹನಿ ಬಿದ್ದು ಕಪ್ಪಾಯಿತೋ, ‘ಕಾಳಾ ಮಾಲು’ ಎಂದು ದರ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿ ಅದೇ ಕಪ್ಪು ಬಣ್ಣಕ್ಕೆ ಮರ್ಯಾದೆ.

ನಾಲ್ಕನೆಯದರ ಗತಿ ಹೇಳಲು ನಾಚಿಕೆ. ಇಟಲಿಯ ಕಿಯಾಂತಿ ಅದು. ಕಪಾಟಿನ ಮೇಲಿನ ಅಟ್ಟದಲ್ಲಿಟ್ಟು ಮರೆತೆವು. ಮೇ ತಿಂಗಳಲ್ಲಿ ತೆಗೆದರೆ ಬೂಚು ಅರ್ಧ ಬೆರಳು ಮೇಲೆದ್ದಿತ್ತು, ಸುತ್ತ ಕೆಂಪು ಅಂಟು. ರುಚಿ ಬೇಯಿಸಿದ ಹಣ್ಣಿನದು, ಜೊತೆಗೆ ವಿನಿಗರ್. ಸಾಂಜೊವೇಸೆ ಎಂಬ ಆ ದ್ರಾಕ್ಷಿಯ ನಿಜವಾದ ರುಚಿ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ತಪ್ಪು ನಮ್ಮದೇ, ವೈನಿನದಲ್ಲ. ವೈನಿಗೆ ಹದಿನೈದು ಡಿಗ್ರಿ ಆಸುಪಾಸು ತಂಪು ಬೇಕು; ನಮ್ಮ ಅಟ್ಟದಲ್ಲಿ ನಲವತ್ತು. ಕೊನೆಯ ಬಾಟ್ಲಿ ಉಳಿದದ್ದು ಹೇಗೆಂದರೆ, ಬೇದಾಣೆ ಕೋಲ್ಡ್ ಸ್ಟೋರೇಜಿಗೆ ಹೋಗುವಾಗ ಒಂದು ಬಾಕ್ಸಿನಲ್ಲಿ ಅದನ್ನೂ ಅಡ್ಡ ಮಲಗಿಸಿ ಕಳಿಸಿದ್ದೆ. ಸ್ಟೋರೇಜಿನವರ ರಸೀದಿಯಲ್ಲಿ ಅದೂ ಬೇದಾಣೆಯೇ.

ಇನ್ನು ಕಾಕಾನ ಮಾತು. ಮಹಾರಾಷ್ಟ್ರ ಸರಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ಧೋರಣೆ ಸಾರಿತು. ನಮ್ಮದೇ ಸಾಂಗಲಿ ಜಿಲ್ಲೆಯ ಪಲೂಸದಲ್ಲಿ ವೈನ್ ಪಾರ್ಕ್ ಆಯಿತು. ಹಳ್ಳಿಹಳ್ಳಿಗೆ ಕಂಪನಿಯವರ ಜೀಪು ಬಂತು. ಕಾಕಾ 2006ರಲ್ಲಿ ಎರಡು ಎಕರೆ ಕ್ಯಾಬರ್ನೆ ಸೊವಿನ್ಯೋ ಹಚ್ಚಿದರು. ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ಜಿ.ಎ.ಯಲ್ಲಿ ಅದ್ದಿ ಕಾಳು ಉಬ್ಬಿಸುವ ಕೈಗೆ ಅದು ಉಲ್ಟಾ ಬೇಸಾಯ. 2008ರಲ್ಲಿ ಜಗತ್ತಿನ ವ್ಯಾಪಾರ ಕುಸಿಯಿತು, ನವೆಂಬರಿನಲ್ಲಿ ಮುಂಬಯಿ ದಾಳಿ, ಹೋಟೆಲುಗಳು ಖಾಲಿ. ವೈನ್ ಟಾಕಿಯಲ್ಲೇ ನಿಂತಿತು. 2009ರ ಫೆಬ್ರುವರಿಯಲ್ಲಿ ಹಣ್ಣು ತಯಾರಾಗಿ ಕೂತರೂ ಕಂಪನಿಯ ಟ್ರಕ್ ಬರಲಿಲ್ಲ. ಬೀಜದ ಹಣ್ಣು, ಬೇದಾಣೆಗೆ ಬಾರದು. ಸಂತೆಯಲ್ಲಿ ಮಂದಿ ಬಾಯಿಗೆ ಹಾಕಿ ಉಗುಳಿದರು. ಹಕ್ಕಿ ತಿಂದವು. ಮರುವರ್ಷ ಕಾಕಾ ಎಲ್ಲ ಗಿಡ ಗರಗಸದಿಂದ ಕೊಯ್ಸಿ, ಅದೇ ಡಾಗ್ರಿಜ್ ಬೇರಿನ ಮೇಲೆ ಸೋನಾಕಾ ಕಸಿ ಕಟ್ಟಿಸಿದರು. ಆ ಹಣ್ಣಿನಿಂದ ಆಗುವ ವೈನಿನ ಒಂದು ಹನಿಯೂ ಅವರ ನಾಲಿಗೆಗೆ ಬಿದ್ದಿರಲಿಲ್ಲ.

ಜೂನಿನಲ್ಲಿ ಬೇದಾಣೆ ಮಾರಿದ ಸಂಜೆ ನಾನು ಆ ಬಾಟ್ಲಿ ತಂದೆ. ಬೋರ್ಡೋದ ಮೆದೋಕ್ ಸೀಮೆಯದು. ಕಾಕಾ ಬೇಡವೆನ್ನಲಿಲ್ಲ. ಅವರನ್ನು ಮಾತಿಗೆ ಎಳೆಯಲು ಬೋರ್ಡೋ ದ್ರಾವಣದ ಕಥೆ ಹೇಳಿದೆ. ಮೆದೋಕ್‌ನಲ್ಲಿ ರಸ್ತೆಯ ಬದಿಯ ಹಣ್ಣನ್ನು ದಾರಿಹೋಕರು ಕದಿಯುತ್ತಾರೆಂದು ರೈತರು ಮೋರ್ಚೂದ, ಸುಣ್ಣ ಕಲಿಸಿ ಎಲೆಗೆ ಚಿಮುಕಿಸುತ್ತಿದ್ದರಂತೆ, ವಿಷವೆಂದು ತಿಳಿದು ಮುಟ್ಟದಿರಲಿ ಅಂತ. ಆ ಗಿಡಗಳಿಗೆ ಡೌನಿ ಬಂದಿರಲಿಲ್ಲ. ಮಿಯಾರ್ಡೆ ಎಂಬ ಪ್ರಾಧ್ಯಾಪಕರು ಅದನ್ನು ಕಂಡು ಪ್ರಯೋಗ ಮಾಡಿ 1885ರಲ್ಲಿ ಜಗತ್ತಿಗೆ ಹೇಳಿದರು. ‘ಕಳ್ಳರಿಂದ ಬಂದ ಔಷಧ ಅನ್ನು’ ಎಂದು ಕಾಕಾ ನಕ್ಕರು. ಬೇರಿನ ಕಥೆಯೂ ಹಾಗೇ: 1860ರ ದಶಕದಲ್ಲಿ ಅಮೆರಿಕದಿಂದ ಬಂದ ಬೇರು ತಿನ್ನುವ ಹೇನು ಫ್ರಾನ್ಸಿನ ತೋಟಗಳನ್ನು ಒಣಗಿಸಿತು, ಕೊನೆಗೆ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟಿಯೇ ಉಳಿದರು. ನಮ್ಮ ಡಾಗ್ರಿಜ್ ಕೂಡ ಟೆಕ್ಸಾಸ್ ನೆಲದ್ದೇ.

ಬಣ್ಣ ಕಡುಗೆಂಪು, ಅಂಚಿನಲ್ಲಿ ಇಟ್ಟಂಗಿ. ವಾಸನೆಗೆ ನೇರಳೆ, ಹಸಿ ಡಬ್ಬು ಮೆಣಸಿನಕಾಯಿ, ಹೊಸ ಮರ. ಬಾಯಲ್ಲಿ ಒಗರು, ನಾಲಿಗೆ ಎಳೆದು ಹಿಡಿಯುವ ಒಗರು. ಶೇಂಗಾ ಹಿಂಡಿಯ ಜೊತೆ ಕುಡಿದು ಕೆಟ್ಟೆವು. ಖಾರಕ್ಕೆ ಒಗರು ಕೂಡಿ ಬಾಯಿ ಬೆಂಕಿಯಾಯಿತು. ಬೆಣ್ಣೆ ಸವರಿದ ರೊಟ್ಟಿಯ ಜೊತೆ ಸರಿ ಹೋಯಿತು. ನನಗೆ ಇದು ರೀಸ್ಲಿಂಗಿನಷ್ಟು ಹಿತವಾಗಲಿಲ್ಲ.

ಕಾಕಾ ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದರು.

‘ಇದು ಬೀಜದ ಒಗರು. ಸಿಪ್ಪಿ ಕಡದಾಗ ಹಿಂಗ ಇರತಿತ್ತು ನೋಡು. ಬಾವಿ ಕಡೀ ಸಾಲಿನ್ಯಾಗ ಇದೇ ವಾಸನಿ ಬರತಿತ್ತು, ಮುಂಜಾನಿ. ನಾವು ರೋಗ ಬಂದದ ಅಂತ ತಿಳಿದು ಔಷಧ ಹೊಡದೀವಿ.’

ಇನ್ನೊಂದು ಗುಟುಕು ಹಾಕಿಸಿಕೊಂಡರು. ‘ಹಣ್ಣು ಖರೇನ ಛಲೋ ಇತ್ತು’ ಅಂದರು.

ರಾತ್ರಿ ಅಳಿಯನ ಫೋನು ಬಂತು. ಮುತ್ಯಾ ಏನಂದರು ಎಂದು ಕೇಳಿದ. ಫೋನು ಕಾಕಾನ ಕೈಗೆ ಕೊಟ್ಟೆ. ಅವರು ವೈನಿನ ಸುದ್ದಿ ಎತ್ತದೆ, ಆ ಬೋರ್ಡೋದ ರೈತರಿಗೆ ಹಣ್ಣಿನ ದುಡ್ಡು ಕೊಯ್ಯುವ ಮೊದಲು ಸಿಗುತ್ತದೋ, ಆಮೇಲೋ ಎಂದು ವಿಚಾರಿಸುತ್ತ ಅಂಗಳಕ್ಕೆ ಹೋದರು.