ಹೇನಿಗೆ ಮದ್ದು ಬಾಚಣಿಗೆ, ನಾಚಿಕೆಯಲ್ಲ

ಭಾನುವಾರದ ಮಧ್ಯಾಹ್ನ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ಊರಿಗೆ ಹೋದರೂ ಕಣ್ಣಿಗೆ ಬೀಳುವ ನೋಟವೊಂದಿದೆ. ಅಟ್ಟದ ಮೇಲೆ ಕೊಬ್ಬರಿಯಾಗಲು ಕಾದಿರುವ ಕಾಯಿ, ಅಂಗಳದಲ್ಲಿ ಮಟ್ಟೆಯ ರಾಶಿ, ಜಗಲಿಯ ಮೇಲೆ ಕಾಲು ಚಾಚಿ ಕುಳಿತ ಅಜ್ಜಿ. ಅವರ ಮುಂದೆ ಜಡೆ ಬಿಚ್ಚಿಕೊಂಡು ತಲೆ ತಗ್ಗಿಸಿದ ಮೊಮ್ಮಗಳು. ಅಜ್ಜಿಯ ಕೈಯಲ್ಲಿ ಸೀರಣಿಗೆ, ಮಗ್ಗುಲಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು.

"ಸುಮ್ಕೆ ಕೂತ್ಕಳೆ ಮಗ, ಇನ್ನೊಂದು ಸಿಕ್ತು" ಎನ್ನುತ್ತಾರೆ ಅಜ್ಜಿ. "ಮೆತ್ತಗೆ ಮಾತಾಡಜ್ಜಿ, ಪಕ್ಕದ ಮನೆಯೋರಿಗೆ ಕೇಳುತ್ತೆ" ಎನ್ನುತ್ತಾಳೆ ಮೊಮ್ಮಗಳು.

ಹೇನಿನ ಕಥೆಯೆಲ್ಲ ಈ ಎರಡು ಮಾತುಗಳಲ್ಲೇ ಇದೆ. ಅಜ್ಜಿಗೆ ಅದು ವಾರದ ಕೆಲಸಗಳಲ್ಲಿ ಒಂದು. ಮೊಮ್ಮಗಳಿಗೆ ಅದು ಮಾನದ ಪ್ರಶ್ನೆ. ತರಗತಿಯಲ್ಲಿ ಒಬ್ಬ ಹುಡುಗಿಯ ಜಡೆಯ ಮೇಲೆ ಹೇನು ಕಂಡರೆ ಸಾಕು, ಪಕ್ಕದವಳು ದೂರ ಸರಿಯುತ್ತಾಳೆ. ಅಡ್ಡಹೆಸರು ಹುಟ್ಟಿಕೊಳ್ಳುತ್ತದೆ. ಕೆಲವು ಮಕ್ಕಳು ಹೊಟ್ಟೆನೋವಿನ ನೆಪ ಹೇಳಿ ಶಾಲೆಗೇ ಚಕ್ಕರ್ ಹೊಡೆಯುತ್ತಾರೆ. ಹೇನು ಕುಡಿಯುವ ರಕ್ತ ತೊಟ್ಟಿಗೂ ಕಡಿಮೆ. ಅದರ ಹೆಸರಿನಲ್ಲಿ ಆಗುವ ಅವಮಾನ ಮಾತ್ರ ಮಗುವಿನ ಓದಿಗೇ ಸಂಚಕಾರ ತರಬಲ್ಲದು.

ಆರು ಕಾಲಿನ ಬಾಡಿಗೆದಾರ

ತಲೆಹೇನು ರೆಕ್ಕೆಯಿಲ್ಲದ ಕೀಟ. ವಿಜ್ಞಾನಿಗಳು ಇಟ್ಟ ಹೆಸರು ಪೆಡಿಕ್ಯುಲಸ್ ಹ್ಯುಮಾನಸ್ ಕ್ಯಾಪಿಟಿಸ್. ಬೆಳೆದ ಹೇನು 2ರಿಂದ 3 ಮಿಲಿಮೀಟರ್ ಉದ್ದ, ಅಂದರೆ ಹೆಚ್ಚುಕಡಿಮೆ ಒಂದು ಎಳ್ಳುಕಾಳಿನಷ್ಟು. ಇದರ ಆರು ಕಾಲುಗಳ ತುದಿಯಲ್ಲೂ ಕೊಕ್ಕೆಯಂಥ ಉಗುರುಗಳಿವೆ. ಕೂದಲೆಳೆಯನ್ನು ಹಿಡಿದು ಓಡಾಡುವುದಕ್ಕೆಂದೇ ಮಾಡಿಸಿದಂಥ ಕಾಲುಗಳವು. ಅದಕ್ಕೆ ಹಾರಲು ಬಾರದು, ನೆಗೆಯಲೂ ಬಾರದು. ನಾಯಿ, ಬೆಕ್ಕು, ಕುರಿಗಳ ಮೈಮೇಲೆ ಅದು ಬದುಕುವುದಿಲ್ಲ. ಮನುಷ್ಯನ ತಲೆಯೇ ಅದರ ಮನೆ, ಅವನ ರಕ್ತವೇ ಆಹಾರ. ತಲೆಯಿಂದ ಕೆಳಗೆ ಬಿದ್ದ ಹೇನು ಒಂದೆರಡು ದಿನಗಳಲ್ಲಿ ಹಸಿವಿನಿಂದ ಸಾಯುತ್ತದೆ.

ಹೆಣ್ಣು ಹೇನು ದಿನಕ್ಕೆ ಆರರಿಂದ ಎಂಟು ಮೊಟ್ಟೆ ಇಡುತ್ತದೆ. ಈ ಮೊಟ್ಟೆಯೇ ನಾವು ಹೇಳುವ ಸೀರು. ಅದನ್ನು ನೆತ್ತಿಯ ಚರ್ಮಕ್ಕೆ ತೀರ ಹತ್ತಿರದಲ್ಲಿ, ಕೂದಲಿಗೆ ಒಂದು ಬಗೆಯ ಅಂಟಿನಿಂದ ಭದ್ರವಾಗಿ ಅಂಟಿಸಿಬಿಡುತ್ತದೆ. ನೆತ್ತಿಯ ಬಿಸಿಯೇ ಅದಕ್ಕೆ ಕಾವು. ಸುಮಾರು ಎಂಟು ಒಂಬತ್ತು ದಿನಗಳಲ್ಲಿ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ಮರಿ ಮೂರು ಸಲ ಪೊರೆ ಬಿಟ್ಟು, ಮತ್ತೆ ಒಂಬತ್ತು ಹತ್ತು ದಿನಗಳಲ್ಲಿ ಬೆಳೆದು ತಾನೂ ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಒಟ್ಟು ಆಯಸ್ಸು ಸುಮಾರು ಒಂದು ತಿಂಗಳು.

ಹೊಟ್ಟಿಗೂ ಸೀರಿಗೂ ವ್ಯತ್ಯಾಸ ಗುರುತಿಸುವುದು ಸುಲಭ. ತಲೆಯ ಹೊಟ್ಟು ಬೆರಳಿನಿಂದ ಕೊಡವಿದರೆ ಉದುರುತ್ತದೆ. ಸೀರು ಅಲುಗಾಡುವುದಿಲ್ಲ, ಉಗುರಿನಿಂದ ಎಳೆದೇ ತೆಗೆಯಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆದ್ದರಿಂದ ನೆತ್ತಿಯಿಂದ ಒಂದು ಸೆಂಟಿಮೀಟರಿಗಿಂತ ದೂರದಲ್ಲಿ ಕಾಣುವ ಬಿಳಿಯ ಸೀರು ಸಾಮಾನ್ಯವಾಗಿ ಮರಿ ಹೊರಟುಹೋದ ಖಾಲಿ ಚಿಪ್ಪು. ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಓಡಾಡುವ ಹೇನು ಕಂಡರೆ ಮಾತ್ರ ಕಾಟ ಇದೆ ಎಂದು ಅರ್ಥ.

ಕೊಳಕಿನ ಗುರುತಲ್ಲ

'ದಿನಾ ಸ್ನಾನ ಮಾಡಿಸುತ್ತೇವೆ, ಆದರೂ ಹೇನು ಹೇಗೆ ಬಂತು?' ಎಂಬುದು ಅನೇಕ ತಾಯಂದಿರ ಪ್ರಶ್ನೆ. ಹೇನಿಗೆ ಕೊಳಕು ಬೇಕಾಗಿಲ್ಲ, ತಲೆ ಬೇಕು. ತೊಳೆದ ಕೂದಲೂ ಒಂದೇ, ತೊಳೆಯದ ಕೂದಲೂ ಒಂದೇ. ತಲೆಗೆ ತಲೆ ತಗುಲಿದಾಗ ಅದು ಒಂದು ಕೂದಲಿನಿಂದ ಇನ್ನೊಂದಕ್ಕೆ ದಾಟುತ್ತದೆ. ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕುಳಿತು ಒಂದೇ ಪುಸ್ತಕದಲ್ಲಿ ಓದುವಾಗ, ಕುಂಟಾಬಿಲ್ಲೆಯ ನಡುವೆ ತಲೆ ಸೇರಿಸಿ ಗುಟ್ಟು ಹೇಳುವಾಗ, ರಾತ್ರಿ ಅಕ್ಕತಂಗಿಯರು ಒಂದೇ ಚಾಪೆಯಲ್ಲಿ ಮಲಗಿದಾಗ ಅದಕ್ಕೆ ಸೇತುವೆ ಕಟ್ಟಿಕೊಟ್ಟಂತೆ. ಬಾಚಣಿಗೆ, ಟೇಪು, ಟೋಪಿಗಳ ಮೂಲಕ ಹರಡುವುದೂ ಉಂಟು, ಆದರೆ ಅದು ಕಡಿಮೆ.

ಹೇನು ಬಡವರ ಮನೆಯದು ಎಂಬ ಮಾತೂ ನಿಜವಲ್ಲ. ಅಮೆರಿಕ, ಇಂಗ್ಲೆಂಡಿನ ಶಾಲೆಗಳಲ್ಲೂ ಅದು ಮಾಮೂಲು. ಇಸ್ರೇಲಿನ ಲಾಕೀಷ್ ಎಂಬಲ್ಲಿ 2016ರಲ್ಲಿ ಆನೆದಂತದ ಪುಟ್ಟ ಬಾಚಣಿಗೆಯೊಂದು ಸಿಕ್ಕಿತು. ಅದರ ಮೇಲೆ ಕೊರೆದಿದ್ದ ಹದಿನೇಳು ಅಕ್ಷರಗಳನ್ನು ಓದಿ 2022ರಲ್ಲಿ ಪ್ರಕಟಿಸಿದರು. ತಲೆ ಮತ್ತು ಗಡ್ಡದ ಹೇನು ತೊಲಗಲಿ ಎಂಬ ಹಾರೈಕೆ ಅದು! ಸುಮಾರು 3,700 ವರ್ಷ ಹಳೆಯದೆಂದು ಅಂದಾಜಿಸಿದ ಆ ಬಾಚಣಿಗೆಯ ಹಲ್ಲುಗಳ ನಡುವೆ ಹೇನುಮರಿಯ ಚೂರುಗಳೂ ಕಂಡುಬಂದವು. ಆನೆದಂತದ ಬಾಚಣಿಗೆ ಕೊಳ್ಳಬಲ್ಲ ಸಿರಿವಂತರ ತಲೆಯನ್ನೂ ಹೇನು ಬಿಟ್ಟಿರಲಿಲ್ಲ.

ಟೈಫಸ್ ಜ್ವರದ ನಂಟು

ಹೇನಿನಿಂದ ಜ್ವರ ಬರುತ್ತದೆ ಎಂಬ ಭಯಕ್ಕೆ ಹಿನ್ನೆಲೆಯಿದೆ. ಟ್ಯುನಿಸ್ ನಗರದಲ್ಲಿದ್ದ ಫ್ರೆಂಚ್ ವೈದ್ಯ ಚಾರ್ಲ್ಸ್ ನಿಕೋಲ್ ಒಂದು ಸಂಗತಿಯನ್ನು ಗಮನಿಸಿದರು. ಟೈಫಸ್ ರೋಗಿಗಳಿಂದ ಆಸ್ಪತ್ರೆಯ ಬಾಗಿಲ ತನಕ ರೋಗ ಹರಡುತ್ತಿತ್ತು. ರೋಗಿಗೆ ಸ್ನಾನ ಮಾಡಿಸಿ, ಹಳೆಯ ಬಟ್ಟೆ ತೆಗೆದು ಒಳಗೆ ಮಲಗಿಸಿದ ಮೇಲೆ ಹರಡುತ್ತಿರಲಿಲ್ಲ. ಬಟ್ಟೆಯಲ್ಲಿದ್ದ ಹೇನೇ ರೋಗ ಸಾಗಿಸುತ್ತದೆ ಎಂದು ಅವರು 1909ರಲ್ಲಿ ತೋರಿಸಿಕೊಟ್ಟರು. 1928ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಆದರೆ ಅದು ಬಟ್ಟೆಯ ಹೊಲಿಗೆಗಳಲ್ಲಿ ಅಡಗುವ ಮೈಹೇನು. ಶಾಲೆಯ ಮಕ್ಕಳಲ್ಲಿ ಕಾಣುವ ತಲೆಹೇನು ಹೀಗೆ ರೋಗ ಹರಡುವುದಾಗಿ ಕಂಡುಬಂದಿಲ್ಲ. ಅದರ ತೊಂದರೆಯೇ ಬೇರೆ. ಕಡಿತದ ಜೊಲ್ಲಿಗೆ ಚರ್ಮ ಕೆರಳಿ ಕಿವಿಯ ಹಿಂದೆ, ಕತ್ತಿನ ಮೇಲೆ ನವೆ ಏಳುತ್ತದೆ. ಕೆರೆದ ಕಡೆ ಗಾಯವಾಗಿ ಕೀವು ತುಂಬಬಹುದು, ಕತ್ತಿನಲ್ಲಿ ಗಂಟು ಕಾಣಿಸಿಕೊಳ್ಳಬಹುದು. ರಾತ್ರಿ ನಿದ್ದೆಗೆಟ್ಟ ಮಗು ಹಗಲು ಪಾಠದ ನಡುವೆ ತೂಕಡಿಸುತ್ತದೆ. ಗಾಯ ಕೀವಾಗಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಕೊಬ್ಬರಿ ಎಣ್ಣೆಯ ಶಕ್ತಿ ಎಷ್ಟು?

ಕಲ್ಪತರು ನಾಡಿನಲ್ಲಿ ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ ಮೊದಲ ಮದ್ದು. ಹೇನಿನ ಮಟ್ಟಿಗೆ ಅದು ಅರ್ಧ ನಿಜ. ಹೇನು ಉಸಿರಾಡುವುದು ಮೈಯ ಪಕ್ಕಗಳಲ್ಲಿರುವ ಸಣ್ಣ ರಂಧ್ರಗಳಿಂದ. ಅವುಗಳನ್ನು ಮುಚ್ಚಿಕೊಂಡು ನೀರಿನಲ್ಲಿ ಗಂಟೆಗಟ್ಟಲೆ ಬದುಕಬಲ್ಲದು. ಆದ್ದರಿಂದಲೇ ತಲೆಗೆ ನೀರು ಹಾಕಿದ ಮಾತ್ರಕ್ಕೆ ಹೇನು ಸಾಯುವುದಿಲ್ಲ. ಎಣ್ಣೆ ದಟ್ಟವಾಗಿ ಹಚ್ಚಿದಾಗ ಹೇನು ಮಂಕಾಗುತ್ತದೆ, ಓಟ ನಿಲ್ಲುತ್ತದೆ, ಕೆಲವು ಸಾಯಲೂಬಹುದು. ಸೀರಿಗೆ ಮಾತ್ರ ಏನೂ ಆಗುವುದಿಲ್ಲ.

ಬ್ರಿಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ತೆಂಗಿನ ಎಣ್ಣೆಯ ಅಂಶಕ್ಕೆ ಅನಿಸ್ ಎಂಬ ಸೋಂಪಿನಂಥ ಬೀಜದ ಎಣ್ಣೆ ಸೇರಿಸಿ ತಯಾರಿಸಿದ ಔಷಧ, ಶೇ 0.43ರ ಪರ್ಮೆಥ್ರಿನ್ ಲೋಷನ್ನಿಗಿಂತ ಹೆಚ್ಚು ಜನರ ಹೇನು ಬಿಡಿಸಿತು. ಅದು ವಿಶೇಷವಾಗಿ ತಯಾರಿಸಿದ ಔಷಧ ಎಂಬುದನ್ನು ಮರೆಯಬಾರದು. ನಮ್ಮ ಗಾಣದ ಎಣ್ಣೆಯ ದೊಡ್ಡ ಉಪಕಾರ ಬೇರೆಯೇ ಇದೆ: ಎಣ್ಣೆ ಹಚ್ಚಿದ ಕೂದಲಿನಲ್ಲಿ ಸೀರಣಿಗೆ ನೋವಿಲ್ಲದೆ ಜಾರುತ್ತದೆ, ಹೇನು ತಪ್ಪಿಸಿಕೊಳ್ಳಲಾಗದೆ ಅದರ ಹಲ್ಲಿಗೆ ಸಿಕ್ಕಿಬೀಳುತ್ತದೆ. ಅಜ್ಜಿ ಎಣ್ಣೆ ಹಚ್ಚಿ ಬಾಚುತ್ತಿದ್ದುದರಲ್ಲಿ ವಿಜ್ಞಾನವಿತ್ತು.

ನಾಲ್ಕು ದಿನಕ್ಕೊಮ್ಮೆ ಎಂಬ ಲೆಕ್ಕ

ಒಂದು ಭಾನುವಾರ ಬಾಚಿ, ಮುಂದಿನ ತಿಂಗಳು ಮತ್ತೆ ಬಾಚಿದರೆ ಹೇನು ಹೋಗುವುದಿಲ್ಲ. ಏಕೆ ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಇವತ್ತು ಹೇನನ್ನೆಲ್ಲ ತೆಗೆದೆವು ಎನ್ನೋಣ. ಉಳಿದ ಸೀರುಗಳಿಂದ ಮುಂದಿನ ಎಂಟು ಒಂಬತ್ತು ದಿನಗಳ ತನಕ ಮರಿಗಳು ಹೊರಡುತ್ತಲೇ ಇರುತ್ತವೆ. ಆ ಮರಿಗಳು ಬೆಳೆದು ಮೊಟ್ಟೆಯಿಡುವ ಮೊದಲೇ ಅವನ್ನು ತೆಗೆದರೆ ಸಂತತಿ ಅಲ್ಲಿಗೇ ಮುಗಿಯಿತು. ಆದ್ದರಿಂದ 1, 5, 9 ಮತ್ತು 13ನೆಯ ದಿನ ತಪ್ಪದೆ ಬಾಚಬೇಕು. 17ನೆಯ ದಿನ ಒಮ್ಮೆ ಪರೀಕ್ಷಿಸಬೇಕು.

ಕ್ರಮ ಹೀಗೆ: ಕೂದಲಿಗೆ ಎಣ್ಣೆ ಹಚ್ಚಿ ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಬೇಕು. ಬೆಳಕಿರುವ ಕಡೆ ಕೂರಿಸಿ, ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿಕೊಂಡು, ಸೀರಣಿಗೆಯನ್ನು ನೆತ್ತಿಗೆ ತಾಗಿಸಿ ತುದಿಯವರೆಗೆ ಎಳೆಯಬೇಕು. ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಕಿವಿಯ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ಎರಡು ಸಲ ಬಾಚಬೇಕು. ಮುಗಿದ ಮೇಲೆ ಸೀಗೆಕಾಯಿಯೋ ಚುಜ್ಜಲು ಪುಡಿಯೋ ಶ್ಯಾಂಪೂವೋ ಹಾಕಿ ತಲೆ ತೊಳೆಯಬಹುದು. ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿಡಬೇಕು. ದಿಂಬಿನ ಚೀಲ, ಟವೆಲುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಮನೆಗೆಲ್ಲ ಔಷಧಿ ಹೊಡೆಯುವುದು ವ್ಯರ್ಥ.

ಔಷಧವೇ ಬೇಕೆನಿಸಿದರೆ ಶೇ 1ರ ಪರ್ಮೆಥ್ರಿನ್ ಲೋಷನ್ ಇದೆ. ತೊಳೆದು ಒರೆಸಿದ ಕೂದಲಿಗೆ ಹಚ್ಚಿ ಹತ್ತು ನಿಮಿಷದ ನಂತರ ತೊಳೆಯಬೇಕು. ಅದು ಸೀರುಗಳನ್ನೆಲ್ಲ ಕೊಲ್ಲದ ಕಾರಣ 9ನೆಯ ದಿನ ಮತ್ತೊಮ್ಮೆ ಹಚ್ಚಬೇಕು. ವೈದ್ಯರನ್ನು ಕೇಳಿಯೇ ಬಳಸುವುದು ಒಳ್ಳೆಯದು. ಪದೇ ಪದೇ ಹಚ್ಚಿದರೆ ಹೇನು ಔಷಧಕ್ಕೆ ಜಗ್ಗದಂತಾಗುತ್ತದೆ. 1943-44ರಲ್ಲಿ ಇಟಲಿಯ ನೇಪಲ್ಸ್ ನಗರದ ಟೈಫಸ್ ಪಿಡುಗನ್ನು ನಿಲ್ಲಿಸಲು ಡಿಡಿಟಿ ಪುಡಿ ನೆರವಾಯಿತು. ಕೆಲವೇ ವರ್ಷಗಳಲ್ಲಿ, ಕೊರಿಯಾ ಯುದ್ಧದ ಹೊತ್ತಿಗೆ, ಅದಕ್ಕೆ ಜಗ್ಗದ ಮೈಹೇನುಗಳು ಕಾಣಿಸಿಕೊಂಡಿದ್ದವು. ಈಗ ಪರ್ಮೆಥ್ರಿನ್ನಿಗೂ ಅನೇಕ ದೇಶಗಳಲ್ಲಿ ಅದೇ ಗತಿಯಾಗಿದೆ. ಬಾಚಣಿಗೆಗೆ ಜಗ್ಗದ ಹೇನು ಮಾತ್ರ ಇನ್ನೂ ಹುಟ್ಟಿಲ್ಲ.

ಇವನ್ನು ಮಾಡಬೇಡಿ

ಸೀತಾಫಲದ ಬೀಜ ಅರೆದು ತಲೆಗೆ ಹಚ್ಚುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಅದರಲ್ಲಿ ಕೀಟ ಕೊಲ್ಲುವ ವಿಷ ಇರುವುದು ನಿಜ. ಆದರೆ ಅದೇ ಪುಡಿ ಒಂದಿಷ್ಟು ಕಣ್ಣಿಗೆ ಬಿದ್ದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಗಾಯಗೊಂಡು ಉರಿ, ನೋವು ತಡೆಯಲಾಗದು. ಹೀಗೆ ಕಣ್ಣು ಕೆಡಿಸಿಕೊಂಡವರನ್ನು ನಮ್ಮ ದೇಶದ ಕಣ್ಣಿನ ವೈದ್ಯರು ನೋಡಿದ್ದಾರೆ. ಅಕಸ್ಮಾತ್ ಬಿದ್ದರೆ ಕೂಡಲೇ ಶುದ್ಧ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು.

ಸೀಮೆಎಣ್ಣೆ ಇನ್ನೂ ಅಪಾಯ. ಸೌದೆ ಒಲೆಯ ಒಂದು ಕಿಡಿ ಸಾಕು. ತೋಟಕ್ಕೆ ಹೊಡೆಯುವ ಕೀಟನಾಶಕವನ್ನಂತೂ ಮಕ್ಕಳ ತಲೆಯ ಹತ್ತಿರ ತರಲೇಕೂಡದು. ನೆತ್ತಿಯ ಚರ್ಮ ವಿಷ ಹೀರುತ್ತದೆ, ಕೆರೆದ ಗಾಯವಿದ್ದರೆ ಇನ್ನೂ ಹೆಚ್ಚು. ಒಂದು ಕಾಲದಲ್ಲಿ ಮನೆಮನೆಯಲ್ಲಿದ್ದ ಬಿಎಚ್‌ಸಿ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧಿಸಲಾಯಿತು.

ಹೆಣ್ಣುಮಗುವಿನ ಜಡೆಯನ್ನು ಅವಳ ಮನಸ್ಸಿಗೆ ವಿರುದ್ಧವಾಗಿ ಕತ್ತರಿಸುವುದು, ತಲೆ ಬೋಳಿಸುವುದು ನೆಗಡಿಗೆ ಮೂಗು ಕೊಯ್ದಂತೆ. ಹದಿನೇಳು ದಿನದ ಕೆಲಸಕ್ಕೆ ವರ್ಷದ ಶಿಕ್ಷೆ ಏಕೆ?

ತೋಟ ಕಲಿಸಿದ ಪಾಠ

ತೆಂಗಿನ ಗರಿಯನ್ನು ಒಣಗಿಸುವ ಕಪ್ಪುತಲೆ ಹುಳುವಿನ ಕಾಟ ಈ ಭಾಗದ ರೈತರಿಗೆಲ್ಲ ಗೊತ್ತು. ಅದರ ಹತೋಟಿಗೆ ಗೋನಿಯೋಜಸ್ ಎಂಬ ಪರೋಪಜೀವಿಯನ್ನು ತೋಟಕ್ಕೆ ಬಿಡುತ್ತಾರೆ. ಒಬ್ಬರು ಬಿಟ್ಟು ಪಕ್ಕದ ತೋಟದವರು ಸುಮ್ಮನಿದ್ದರೆ ಹುಳು ಬೇಲಿ ದಾಟಿ ಮತ್ತೆ ಬರುತ್ತದೆ. ಊರಿನವರೆಲ್ಲ ಒಟ್ಟಿಗೆ, ಮತ್ತೆ ಮತ್ತೆ ಬಿಟ್ಟರೆ ಮಾತ್ರ ಫಲ. ಹೇನಿನ ವಿಷಯವೂ ಹಾಗೆಯೇ. ಒಂದು ಮನೆಯಲ್ಲಿ ಒಬ್ಬಳ ತಲೆ ಬಾಚಿ ತಂಗಿಯ ತಲೆ ಬಿಟ್ಟರೆ, ಒಂದು ತರಗತಿಯಲ್ಲಿ ನಾಲ್ವರು ಬಾಚಿಕೊಂಡು ಉಳಿದವರು ಬಿಟ್ಟರೆ, ಹೇನು ಸುತ್ತು ಹೊಡೆದು ವಾಪಸು ಬರುತ್ತದೆ.

ಇಲ್ಲಿ ಶಾಲೆಯ ಪಾತ್ರ ದೊಡ್ಡದು. ಹೇನಿದ್ದ ಮಗುವನ್ನು ಎಲ್ಲರೆದುರು ನಿಲ್ಲಿಸುವುದು, ಬೇರೆ ಕೂರಿಸುವುದು, ಮನೆಗೆ ಕಳಿಸುವುದು ಸಲ್ಲದು. ಕಂಡುಹಿಡಿಯುವ ಹೊತ್ತಿಗೆ ಹೇನು ಆ ತಲೆಯಲ್ಲಿ ವಾರಗಟ್ಟಲೆ ಇದ್ದಿರುತ್ತದೆ, ಒಂದು ದಿನ ಹೊರಗಿಟ್ಟು ಏನೂ ಸಾಧಿಸಿದಂತಾಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2022ರಲ್ಲಿ ಇದೇ ಮಾತನ್ನು ಮತ್ತೆ ಒತ್ತಿ ಹೇಳಿದೆ: ಹೇನಿಗಾಗಿ ಮಗು ಶಾಲೆ ತಪ್ಪಿಸಿಕೊಳ್ಳಬಾರದು. ಬದಲಿಗೆ ಯಾವ ಮಗುವಿನ ಹೆಸರನ್ನೂ ಎತ್ತದೆ 'ಈ ಭಾನುವಾರ ಎಲ್ಲರ ಮನೆಯಲ್ಲೂ ಹೇನು ನೋಡಿ' ಎಂದು ತರಗತಿಯ ಎಲ್ಲ ಪೋಷಕರಿಗೂ ಚೀಟಿ ಕಳಿಸಬಹುದು. ವಿಜ್ಞಾನದ ಪಾಠದಲ್ಲಿ ಕೀಟದ ಜೀವನಚಕ್ರಕ್ಕೆ ರೇಷ್ಮೆಹುಳುವಿನ ಜೊತೆ ಹೇನನ್ನೂ ಸೇರಿಸಬಹುದು. ಭೂತಗನ್ನಡಿಯ ಕೆಳಗೆ ಒಮ್ಮೆ ಅದರ ಉಗುರು ನೋಡಿದ ಮಗು, ಅದನ್ನಿಟ್ಟುಕೊಂಡು ಗೆಳತಿಯನ್ನು ಅಣಕಿಸುವುದು ಕಷ್ಟ.

ಜಗಲಿಯ ಮೇಲೆ ಇನ್ನೂ ಬಾಚುವ ಕೆಲಸ ನಡೆದಿದೆ. ಪಕ್ಕದ ಮನೆಯ ಜಗಲಿಯಲ್ಲೂ ಅದೇ ಹೊತ್ತಿಗೆ ಇನ್ನೊಬ್ಬ ತಾಯಿ ಸೀರಣಿಗೆ ಹಿಡಿದು ಕುಳಿತಿದ್ದರೆ, ಮೊಮ್ಮಗಳು ದನಿ ತಗ್ಗಿಸಬೇಕಾದ ಕಾರಣವೇ ಇರುವುದಿಲ್ಲ. ಹೇನೂ ಆಗಲೇ ಸೋಲುವುದು.